ತಮ್ಮನ ಹೆಂಡತಿಯ ವೀಸಾ

ತಪ್ಪು ನನ್ನದು. "ಪ್ರಶ್ನೆ ಪೂರ್ತಿ ಓದಿ, ಆಮೇಲೆ ಉತ್ತರ ಬರೆಯಿರಿ" ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದ ನಾನು, ತಮ್ಮನ ಹೆಂಡತಿಯ ವೀಸಾ ಕಾಗದವನ್ನು ಪೂರ್ತಿ ಓದಲಿಲ್ಲ.

ನಾನು ಸಿಂದಗಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ತವರು ಅದೇ ಜಿಲ್ಲೆಯ ಇಂಡಿ ಊರು. ಅಪ್ಪ ಅಲ್ಲಿನ ಬಜಾರಿನಲ್ಲಿ ನಿಂಬೆಹಣ್ಣಿನ ಹರಾಜು ಕೂಗುತ್ತಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು. ನಮ್ಮ ಮನೆತನ ಎಷ್ಟು ತಲೆಮಾರಿನಿಂದ ಇಂಡಿಯಲ್ಲಿದೆ ಎಂದು ಕೇಳಿದರೆ ಅವ್ವನಿಗೂ ಹೇಳಲು ಬರುವುದಿಲ್ಲ. ನಮಾಜು, ನಿಕಾಹ್ ಬಿಟ್ಟರೆ ಮನೆಯಲ್ಲಿ ಉಳಿದದ್ದೆಲ್ಲ ಕನ್ನಡದಲ್ಲೇ ನಡೆಯುತ್ತದೆ. ಜಗಳವಂತೂ ಪೂರಾ ಕನ್ನಡ.

ನನಗೆ ಒಬ್ಬನೇ ತಮ್ಮ. ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದ. ಅಲ್ಲಿ ಒಂದು ಹೊಲಿಗೆ ಅಂಗಡಿಯ ಎ.ಸಿ. ಮೇಲಿಂದ ಮೇಲೆ ಕೆಡುತ್ತಿತ್ತಂತೆ. ಆ ಅಂಗಡಿಯಲ್ಲಿ ಇಂಡೋನೇಷ್ಯಾದ ಜಾವಾ ದ್ವೀಪದ ಹುಡುಗಿಯೊಬ್ಬಳು ಬುರ್ಖಾಗಳ ತೋಳಿಗೆ ಕಸೂತಿ ಹಾಕುತ್ತಿದ್ದಳು. ಎ.ಸಿ. ಅಷ್ಟು ಸಲ ಯಾಕೆ ಕೆಟ್ಟಿತು ಎಂಬುದು ನಮಗೆಲ್ಲ ಅರ್ಥವಾಗುವ ಹೊತ್ತಿಗೆ ಅವರಿಬ್ಬರೂ ಅಲ್ಲಿನ ಕೋರ್ಟಿನಲ್ಲಿ ಮದುವೆಯಾಗಿ, ಅರಬಿ ಭಾಷೆಯ ಒಂದು ಕಾಗದ ಹಿಡಿದು ನಿಂತ ಫೋಟೋ ಕಳಿಸಿದ್ದರು. ಅವ್ವ ಫೋಟೋ ನೋಡಿದ ಮೂರನೆಯ ದಿನ ನನಗೆ ಫೋನ್ ಮಾಡಿ, "ಮುಖಾ ಒಳ್ಳೇದೈತಿ. ಆದ್ರ ನಾ ಅಕಿ ಜೋಡಿ ಏನ್ ಮಾತಾಡ್ಲಿ?" ಎಂದಳು.

ಅದೇ ವರ್ಷ ತಮ್ಮ ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿತು. ಅವನು ಇಂಡಿಗೆ ಮರಳಿ ಸಣ್ಣದೊಂದು ರಿಪೇರಿ ಅಂಗಡಿ ತೆಗೆದ. ಅವಳು ಜಾವಾದ ತನ್ನೂರಿಗೆ ಹೋಗಿ, ಅಲ್ಲಿಂದ ಪ್ರವಾಸಿ ವೀಸಾಕ್ಕೆ ಕಂಪ್ಯೂಟರಿನಲ್ಲೇ ಅರ್ಜಿ ಹಾಕಿದಳು. ವೀಸಾ ಬಂದ ದಿನ ತಮ್ಮ ಅದನ್ನು ನನ್ನ ಫೋನಿಗೆ ಕಳಿಸಿದ. ನಾನು ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಿದ್ದೆ.

"ಅಕ್ಕಾ, ನೋಡಿ ಹೇಳು. ಎಷ್ಟ್ ದಿನಾ ಐತಿ?"

ಕಡೆಯ ದಿನಾಂಕ ನೋಡಿದೆ. ಮುಂದಿನ ವರ್ಷದ್ದಿತ್ತು. "ಒಂದ್ ವರ್ಷ ಐತೆಪಾ. ಆರಾಮ್ ಬರ್ಲಿ. ಅಷ್ಟರಾಗ ಮುಂದಿಂದು ನೋಡೂಣು," ಎಂದು ಹೇಳಿ ಮತ್ತೆ ಕೆಂಪು ಪೆನ್ನು ಹಿಡಿದೆ. ಅದರ ಕೆಳಗೆ ಸಣ್ಣ ಅಕ್ಷರಗಳ ಒಂದು ಸಾಲಿತ್ತು. ವೀಸಾ ಒಂದು ವರ್ಷದ್ದಾದರೂ ಒಮ್ಮೆ ಬಂದರೆ ತೊಂಬತ್ತು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದು ನನ್ನ ಕಣ್ಣಿಗೆ ಬಿದ್ದಿರಬೇಕು. ಓದಿದ ನೆನಪು ಮಾತ್ರ ನನಗಿಲ್ಲ.

ಗಣೇಶನ ಹಬ್ಬ ಮುಗಿದ ವಾರ ಅವಳು ಬಂದಳು. ಕುಳ್ಳಗೆ, ಗುಂಡು ಮುಖ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ. ಗಂಡ ಹೆಂಡತಿ ಮಾತಾಡುತ್ತಿದ್ದದ್ದು ಮಸ್ಕತ್ತಿನ ಅಂಗಡಿಗಳಲ್ಲಿ ಕಲಿತ ಹರಕು ಮುರುಕು ಅರಬಿಯಲ್ಲಿ. ಮೊದಲ ದಿನವೇ ಅವಳು ನನ್ನನ್ನು "ಕಾಕಾ" ಎಂದು ಕರೆದಳು. ಅವರ ಭಾಷೆಯಲ್ಲಿ ಅಕ್ಕನಿಗೂ ಅಣ್ಣನಿಗೂ ಹಾಗೇ ಅನ್ನುತ್ತಾರಂತೆ; ನಮ್ಮಲ್ಲಿ ಕಾಕಾ ಎಂದರೆ ಚಿಕ್ಕಪ್ಪ. ಓಣಿಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂದಿಗೂ ನಾನು ಅವಳಿಗೆ ಕಾಕಾನೇ.

ಅವ್ವ ಹೆದರಿದಷ್ಟು ಕಷ್ಟವಾಗಲಿಲ್ಲ. ಖಬರಿಗೆ ಅವರೂ ಕಬರ್ ಎನ್ನುತ್ತಿದ್ದರು. ದುನಿಯಾ, ಕುರ್ಚಿ, ರೊಟ್ಟಿ ಎಲ್ಲ ಅಷ್ಟಿಷ್ಟು ಬದಲಾಗಿ ಅಲ್ಲಿಯೂ ಇದ್ದವು. ಗಂಡನಿಗೆ ಅವರ ಮಾತಿನಲ್ಲಿ "ಸುಆಮಿ" ಎನ್ನುತ್ತಾರೆ ಎಂದು ಕೇಳಿದಾಗ ಅವ್ವ ತಮ್ಮನ ಕಡೆ ಕಣ್ಣು ಹಾಯಿಸಿ, "ಇಂವಾ ಯಾವ ಸ್ವಾಮಿ!" ಎಂದಳು. ಶೇಂಗಾ ಹಿಂಡಿಯ ಮೊದಲ ತುತ್ತು ಬಾಯಿಗಿಟ್ಟಾಗ ಹುಡುಗಿಯ ಕಣ್ಣಲ್ಲಿ ನೀರು ಬಂತು. ಖಾರಕ್ಕೆಂದು ಅವ್ವ ಗಾಬರಿಯಾಗಿ ಮೊಸರು ತಂದಳು. ಖಾರಕ್ಕಲ್ಲ. ಅವಳ ತಾಯಿ ಬೇಯಿಸಿದ ಸೊಪ್ಪಿನ ಮೇಲೆ ಹೀಗೇ ಶೇಂಗಾ ಅರೆದು ಹಾಕುತ್ತಿದ್ದಳಂತೆ. ಜೋಳದ ರೊಟ್ಟಿ ಬಡಿಯುವುದು ಮಾತ್ರ ಅವಳಿಗೆ ಬಹಳ ದಿನ ಬರಲಿಲ್ಲ. ಕೈಗೆ ಅಂಟಿದ ಹಿಟ್ಟು ನೋಡಿಕೊಂಡು, ಅದು ತನ್ನನ್ನು ಬೈದಂತೆ ಮುಖ ಮಾಡುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಅವಳು ನಾಲ್ಕು ತಿಂಗಳ ಬಸುರಿ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡು ಮಾಡಿಸಲು ನಾನೇ ರಜೆ ಹಾಕಿ ಇಂಡಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಕನ್ನೊಳ್ಳಿಯವಳು. ಎದ್ದು ನಿಂತು ನಮಸ್ಕಾರ ಮಾಡಿದಳು. ಆಧಾರ್ ಕೇಳಿದಳು. ಇಲ್ಲವೆಂದು ಪಾಸ್‌ಪೋರ್ಟ್, ವೀಸಾ ಕೊಟ್ಟೆ. ಅವಳು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಹಿಂದೆ ನಿಂತವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು.

"ಟೀಚರ್, ಇವ್ರು ಬಂದು ನಾಕ್ ತಿಂಗಳಾತಲ್ರಿ? ಇಲ್ಲಿ ತೊಂಬತ್ ದಿನಾ ಅಂತ ಬರದಾರ್ರಿ."

"ಒಂದ್ ವರ್ಷ ಐತಲ್ಲ," ಎಂದೆ ನಾನು.

ಅವಳು ಕಾಗದವನ್ನು ನನ್ನ ಕಡೆ ತಿರುಗಿಸಿ ಆ ಸಾಲಿನ ಕೆಳಗೆ ಉಗುರಿಟ್ಟಳು. ನಾನೇ ಕಲಿಸಿದ ಇಂಗ್ಲಿಷಿನಲ್ಲಿ ಅವಳು ಓದಿದ್ದಳು. ನಾನು ಮೂರು ಸಲ ಓದಿದೆ, ಅರ್ಥ ಒಂದೇ ಬಂತು. ಗಡುವು ಮುಗಿದು ತಿಂಗಳ ಮೇಲಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ನನ್ನ ತಮ್ಮನ ಹೆಂಡತಿ ನನ್ನ ಮುಖ ನೋಡುತ್ತಿದ್ದಳು. "ಕಾಕಾ, ಮಗಾ ಆರಾಮ?" ಎಂದು ಕೇಳಿದಳು. ಹೊಟ್ಟೆಯಲ್ಲಿನ ಮಗುವಿಗೇನೋ ಆಗಿದೆ ಎಂದುಕೊಂಡಿದ್ದಳು.

ಆ ಸಂಜೆ ಮನೆಯಲ್ಲಿ ನಾನೇ ಎಲ್ಲ ಹೇಳಿದೆ. ತಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಬಿಟ್ಟು ಅವನು ಒಬ್ಬ ಏಜೆಂಟನನ್ನು ಮನೆಗೆ ಕರೆತಂದ. ಬಿಳಿ ಶರ್ಟಿನ, ಬಾಯಿ ತುಂಬ ನಗುವ ಮನುಷ್ಯ. ಚಹಾ ಕುಡಿಯುತ್ತಾ ಎಲ್ಲವನ್ನೂ ಸರಳ ಮಾಡಿಬಿಟ್ಟ.

"ಪೊಲೀಸ್ರ ಕಡೆ ಹೋಗಬ್ಯಾಡ್ರಿ. ಇವ್ರ ಮುಖಾ ನೋಡಿದ್ರ ಮಣಿಪುರದವ್ರಂಗ ಕಾಣ್ತಾರ. ಮಣಿಪುರದಾಗ ಹುಟ್ಯಾರ ಅಂತ ಒಂದ್ ಕಾಗದಾ ಮಾಡೂಣು, ಆಧಾರ್ ತಗಸೂಣು. ಪಾಸ್‌ಪೋರ್ಟ್ ಸುಟ್ಟ ಬಿಡ್ರಿ. ಯಾರ್ ಕೇಳ್ತಾರ?"

ತಮ್ಮ ಒಪ್ಪಿಗೆಯಿಂದ ತಲೆಯಾಡಿಸುತ್ತಿದ್ದ. ನನಗೂ ಒಂದು ಕ್ಷಣ ಹೌದೆನ್ನಿಸಿತು, ಸುಳ್ಳು ಹೇಳುವುದಿಲ್ಲ. ಅವನು ಹೋದ ಮೇಲೆ ತಮ್ಮ ಹೆಂಡತಿಗೆ ಅರಬಿಯಲ್ಲಿ ವಿವರಿಸಿದ. ಅವಳು ಕೈಯಲ್ಲಿದ್ದ ಮೆಂತ್ಯದ ಸೊಪ್ಪು ಕೆಳಗಿಟ್ಟಳು.

"ನಾ ಖಲ್ಲಿವಲ್ಲಿ ಆಗಂಗಿಲ್ಲ," ಎಂದಳು. ಕನ್ನಡದಲ್ಲೇ.

ಕಾಗದವಿಲ್ಲದೆ ಅಡಗಿ ಬದುಕುವವರಿಗೆ ಗಲ್ಫಿನ ದುಡಿಮೆಗಾರರು ಖಲ್ಲಿವಲ್ಲಿ ಎನ್ನುತ್ತಾರಂತೆ. ಆಮೇಲೆ ಅವಳು ಅರಬಿಯಲ್ಲಿ ಬಹಳ ಹೊತ್ತು ಮಾತಾಡಿದಳು. ತಮ್ಮ ಒಂದೊಂದೇ ಮಾತನ್ನು ನಮಗೆ ಕನ್ನಡಕ್ಕೆ ತಂದ. ಅವನಿಗೆ ಬೇಡವಾದ ಮಾತುಗಳನ್ನು ಅವನೇ ಹೇಳಬೇಕಾಗಿತ್ತು. ಅವಳ ಹೊಲಿಗೆ ಅಂಗಡಿಯಲ್ಲಿ ಅವಳದೇ ಊರ ಕಡೆಯ ಒಬ್ಬ ಹೆಂಗಸಿದ್ದಳು, ವೀಸಾ ಮುಗಿದು ಏಳು ವರ್ಷವಾಗಿತ್ತು. ತಪಾಸಣೆಯವರು ಬಂದಾಗ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಅವಳನ್ನು ಕೂಡಿಸಿ, ಮುಂದೆ ಬಟ್ಟೆಯ ಸುರುಳಿಗಳನ್ನು ಒಟ್ಟುತ್ತಿದ್ದರು. ಹಲ್ಲು ನೋವಿಗೆ ಆಸ್ಪತ್ರೆಗೆ ಹೋಗಲಿಲ್ಲ. ಸಂಬಳ ಅರ್ಧ ಕೊಟ್ಟರೂ ಕೇಳಲಿಲ್ಲ. ತಾಯಿ ಸತ್ತ ದಿನ ಫೋನಿನಲ್ಲಿ ಮಣ್ಣು ಕೊಡುವುದನ್ನು ನೋಡಿದಳು. "ಅಕಿ ಅಳೂದಿಲ್ಲಾಗಿತ್ತಂತ," ಎಂದ ತಮ್ಮ, "ಅತ್ರ ಸದ್ದ ಹೊರಗ ಹೋಗ್ತೈತಿ ಅಂತ." ಅವಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಇನ್ನೊಂದು ಮಾತು ಹೇಳಿದಳು.

"ಏನಂದ್ಲು?" ಅವ್ವ ಕೇಳಿದಳು.

"ನನ್ನ ಮಗಾ ಮೇಜಿನ ಕೆಳಗ ಬೆಳೀಬಾರ್ದು ಅಂತಾಳ."

ಏಜೆಂಟನ ನಂಬರನ್ನು ತಮ್ಮ ನಮ್ಮೆದುರೇ ಫೋನಿನಿಂದ ಅಳಿಸಿದ.

ನನಗೆ ಗೊತ್ತಿದ್ದ ಒಬ್ಬಳೇ ವಕೀಲೆ ಬಸವನ ಬಾಗೇವಾಡಿಯಲ್ಲಿದ್ದಳು. ನನಗೆ ಮೊದಲು ನೌಕರಿ ಸಿಕ್ಕಿದ್ದು ಮುದ್ದೇಬಿಹಾಳದಲ್ಲಿ. ಆಗ ಅವಳೂ ಅಲ್ಲಿಯೇ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದಳು. ಒಂದೇ ಖೋಲಿಯಲ್ಲಿ ಮೂರು ವರ್ಷ ಇದ್ದೆವು. ಭಾನುವಾರ ಅವಳ ಮನೆಗೆ ಹೋಗಿ ಕಾಗದಗಳನ್ನೆಲ್ಲ ಮುಂದೆ ಹರವಿದೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದಳು.

"ನೀ ಇಂಗ್ಲಿಷ್ ಟೀಚರ್ ಅಲಾ?"

"ಬೈ. ಬೈಸ್ಕೊಳ್ಳಾಕ ಬಂದೇನಿ."

"ಬೈದ್ರ ಏನ್ ಬರ್ತೈತಿ? ಅಕಿ ಬಂದ ದಿನಾನ ಪೊಲೀಸ್ರಿಗಿ ತಿಳಸ್ಬೇಕಾಗಿತ್ತು, ಸಿ ಫಾರ್ಮ್ ಅಂತ ಇರ್ತೈತಿ. ಹೊರದೇಶದವ್ರು ಯಾರ ಮನ್ಯಾಗ ಇಳೀತಾರೋ ಆ ಮನಿಯವ್ರು ತುಂಬ್ಬೇಕು. ಅದನ್ನೂ ಮಾಡಿಲ್ಲ ನೀವು."

ಆಮೇಲೆ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಎರಡು ದಾರಿ ಇದ್ದವು. ಇಲ್ಲಿಯೇ ಇದ್ದುಕೊಂಡು, ಪ್ರವಾಸಿ ವೀಸಾವನ್ನು ಭಾರತೀಯನ ಹೆಂಡತಿಯ ವೀಸಾವಾಗಿ ಬದಲಿಸಿ ಎಂದು ಬೇಡಿಕೊಳ್ಳುವುದು ಒಂದು. ಅದಕ್ಕೆ ಮದುವೆಯ ಕಾಗದ ಬೇಕು. ನಮ್ಮಲ್ಲಿದ್ದದ್ದು ಅರಬಿಯ ಕಾಗದ, ಅದರ ಮೇಲೆ ಮಸ್ಕತ್ತಿನ ಭಾರತೀಯ ರಾಯಭಾರ ಕಚೇರಿಯ ಮುದ್ರೆ ಇರಲಿಲ್ಲ. ಅದು ಬಂದು, ಅರ್ಜಿ ಮೇಲೆ ಹೋಗಿ, ಉತ್ತರ ಬರುವಷ್ಟರಲ್ಲಿ ಎಷ್ಟು ದಿನವೋ. ಆ ದಿನಗಳೆಲ್ಲ ಗಡುವು ಮೀರಿದ ಲೆಕ್ಕಕ್ಕೇ ಸೇರುತ್ತವೆ. ಇನ್ನೊಂದು ದಾರಿ, ತಾವೇ ಹೋಗಿ ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ದೇಶ ಬಿಡಲು ಅನುಮತಿ ಪಡೆದು ಹೋಗುವುದು. ತವರಿನಿಂದ ಹೆಂಡತಿಯ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕುವುದು.

"ಹೋದಾಕಿಗಿ ತಿರುಗಿ ಕೊಡ್ಲಿಲ್ಲಂದ್ರ?" ಎಂದೆ.

"ಕೊಡ್ತಾರ ಅಂತ ನಾ ಬರದ ಕೊಡಾಂಗಿಲ್ಲ. ಆದ್ರ ಯಾರೂ ಹಿಡೀದ ಮೊದ್ಲ ತಾನ ಬಂದಾಳ ಅನ್ನೂದು ಕಾಗದದಾಗ ಇರ್ಬೇಕು. ಅಷ್ಟ ನಮ್ಮ ಕೈಯಾಗ ಇರೂದು."

ಪೊಲೀಸರ ಬಳಿಯೇ ಹೋಗೋಣ ಎಂದವಳು ತಮ್ಮನ ಹೆಂಡತಿ; ಅವಳನ್ನು ಕರೆದುಕೊಂಡು ಹೋದೆ. ವಿಜಯಪುರದ ಪೊಲೀಸ್ ಕಚೇರಿಯಲ್ಲಿ ವಿದೇಶಿಯರ ವಿಷಯ ನೋಡಿಕೊಳ್ಳುವುದಕ್ಕೆ ಒಂದೇ ಮೇಜು. ಅಲ್ಲಿದ್ದವರು ನಿವೃತ್ತಿ ಹತ್ತಿರ ಬಂದಿದ್ದ ಒಬ್ಬ ಹೆಡ್ ಕಾನ್‌ಸ್ಟೇಬಲ್. ತಾವು ಇಂಡೋನೇಷ್ಯಾದವರನ್ನು ನೋಡಿದ್ದೇ ಇದು ಮೊದಲು ಎಂದರು. ಎದ್ದು ತಮ್ಮ ಕುರ್ಚಿಯನ್ನೇ ಬಸುರಿಗೆ ಕೊಟ್ಟು, ತಾವು ಕಿಟಕಿಯ ಕಟ್ಟೆಗೆ ಒರಗಿ ನಿಂತು ಬರೆದುಕೊಂಡರು. ಅರ್ಧಕ್ಕೆ ಪೆನ್ನು ನಿಲ್ಲಿಸಿ ಕೇಳಿದರು.

"ಯಾರರ ಕಂಪ್ಲೇಂಟ್ ಕೊಟ್ಟಾರೇನ್ರಿ ನಿಮ್ಮ ಮ್ಯಾಲ?"

"ಇಲ್ರಿ."

"ಮತ್ತ್ಯಾಕ ಬಂದ್ರಿ?"

ಅವಳು ನನಗಿಂತ ಮೊದಲೇ ಹೇಳಿದಳು. "ತಪ್ಪ ಆಗೈತ್ರಿ. ಅದಕ್ಕ."

ಅವರು ಬರೆಯುತ್ತಾ ಬರೆಯುತ್ತಾ ಗಟ್ಟಿಯಾಗಿ ಓದಿದರು: ಸದರಿ ಮಹಿಳೆಯು ಸ್ವಇಚ್ಛೆಯಿಂದ ಹಾಜರಾಗಿ. ಆ ನಾಲ್ಕು ಶಬ್ದ ಆಮೇಲೆ ಎಷ್ಟು ಕೆಲಸಕ್ಕೆ ಬಂದವು ಎಂಬುದು ಆಗ ನಮಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದಿನ ಮೂರು ತಿಂಗಳನ್ನು ನಾನು ಫೋನಿನ ಪರದೆಯಲ್ಲಿಯೇ ಕಳೆದೆ ಎನ್ನಬೇಕು. ದೇಶ ಬಿಡುವ ಅನುಮತಿಯ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಬೇಕು, ಅದು ಬೆಂಗಳೂರಿಗೆ ಹೋಗುತ್ತದೆ. ಅಲ್ಲಿಂದ ಒಂದು ಪ್ರಶ್ನೆ ಬರುತ್ತದೆ. ಉತ್ತರ ಕೊಟ್ಟರೆ ಇನ್ನೊಂದು. ಫೋಟೋದ ಹಿನ್ನೆಲೆ ಬಿಳಿಯಿಲ್ಲ. ಮನೆಯ ವಿಳಾಸಕ್ಕೆ ಪುರಾವೆ ಸಾಲದು. ಮನೆ ಇನ್ನೂ ಅಪ್ಪನ ಹೆಸರಿನಲ್ಲಿದೆ, ಅಪ್ಪನ ಮರಣಪತ್ರ ಕಳಿಸಿ. ಮಸ್ಕತ್ತಿನಲ್ಲಿ ತಮ್ಮನ ಗೆಳೆಯನೊಬ್ಬ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಮುಂದಿನ ವೀಸಾಕ್ಕೆ ಬೇಕಾಗುವ ಮದುವೆಯ ಕಾಗದವನ್ನು ಕಚೇರಿಯಿಂದ ಕಚೇರಿಗೆ ಒಯ್ದು ಮುದ್ರೆ ಹಾಕಿಸುತ್ತಿದ್ದ. ಇತ್ತ ಅವಳ ಹೊಟ್ಟೆ ದೊಡ್ಡದಾಗುತ್ತಿತ್ತು. ದಿನ ಹತ್ತಿರ ಬಂದ ಗರ್ಭಿಣಿಯರನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗಲೂ ಮನಸ್ಸಿನಲ್ಲಿ ವಾರ ಎಣಿಸುತ್ತಿದ್ದೆ.

ಎಲ್ಲರಿಗಿಂತ ಸಿಟ್ಟಾದವಳು ಅವ್ವ. "ಬಸುರಿ ಹೆಂಗಸ್ನ ಮನಿ ಬಿಟ್ಟ ಹೋಗಂತಾರೇನು? ನಾ ಹೋಗಿ ಕೇಳ್ತೇನಿ ಅವ್ರನ್ನ," ಎಂದು ದಿನಕ್ಕೊಮ್ಮೆ ಚಪ್ಪಲಿ ಹುಡುಕುತ್ತಿದ್ದಳು. ಹೋದ ವರ್ಷ ಏನು ಮಾತಾಡಲಿ ಎಂದು ಕೇಳಿದವಳೇ ಇವಳು. ಸೊಸೆ ಅವಳನ್ನು ಹಿಡಿದು ಕೂಡಿಸಿ, "ಮಾಫಿ ಮುಶ್ಕಿಲ್, ಅವ್ವಾ. ನಾ ಬರ್ತೇನಿ ತಿರುಗಿ," ಎನ್ನುತ್ತಿದ್ದಳು. ತೊಂದರೆಯಿಲ್ಲ ಎನ್ನುವ ಆ ಅರಬಿ ಮಾತು ಅಷ್ಟರಲ್ಲಿ ಅವ್ವನ ಬಾಯಿಗೂ ಬಂದಿತ್ತು.

ಏಪ್ರಿಲಿನ ಬಿಸಿಲಿನಲ್ಲಿ ಅನುಮತಿ ಬಂತು. ದಂಡ ಕಟ್ಟಿಯಾಗಿತ್ತು. ಕಾಗದದಲ್ಲಿ ಹೇಳಿದ ದಿನದೊಳಗೆ ಹೊರಡಬೇಕು. ಇಂಡಿಯ ಡಾಕ್ಟರು ಅವಳನ್ನು ಪರೀಕ್ಷೆ ಮಾಡಿ, ಪ್ರಯಾಣ ಮಾಡಬಹುದು ಎಂದು ಬರೆದುಕೊಟ್ಟು, "ಇನ್ನೊಂದ್ ವಾರ ತಡಾ ಆಗಿದ್ರ ನಾ ಸಹಿ ಮಾಡ್ತಿದ್ದಿಲ್ರಿ," ಎಂದರು. ಸೊಲ್ಲಾಪುರದ ಮೇಲಿಂದ ರೈಲಿನಲ್ಲಿ ಮುಂಬಯಿಗೆ ಹೋದೆವು. ತಮ್ಮ ಅವಳೊಂದಿಗೆ ಹೊರಟಿದ್ದ, ನಾನು ಬೀಳ್ಕೊಡಲು. ವಿಮಾನ ನಿಲ್ದಾಣದ ಗಾಜಿನ ಬಾಗಿಲಿನಾಚೆ ನನ್ನನ್ನು ಬಿಡಲಿಲ್ಲ. ಅವಳು ನನ್ನ ಕೈ ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಂಡಳು, ಅವರ ಕಡೆ ಹಿರಿಯರಿಗೆ ಹಾಗೆ ಮಾಡುತ್ತಾರೆ. ನಾನು ಕ್ಷಮಿಸು ಎಂದೆ. ಆ ಮಾತು ಅವಳು ಇನ್ನೂ ಕಲಿತಿರಲಿಲ್ಲವೋ, ಕೇಳಿಸಲಿಲ್ಲವೋ, ನಕ್ಕು ಒಳಗೆ ಹೋದಳು.

ಮಧ್ಯಾಹ್ನದ ಎರಡು ತಾಸು ಹೊರಗೆ ಒಂದು ಕಂಬಕ್ಕೆ ಆನಿಕೊಂಡು ನಿಂತಿದ್ದೆ. ಕೊನೆಗೆ ಫೋನ್ ಬಂತು.

"ಆತು ಅಕ್ಕಾ. ಸಾಹೇಬ ಎಲ್ಲಾ ಕಾಗದಾ ತಿರುವ್ಯಾಡಿ ನೋಡಿದ. ಯಾಕ ತಡಾ ಅಂತ ಕೇಳಿದ. ಓದೂದ್ರಾಗ ತಪ್ಪಾತು ಅಂದ್ಲು. ಮುದ್ರಿ ಹೊಡದ."

ಜಾವಾದಲ್ಲಿ ದಿನ ಎಣಿಸುವ ಸರದಿ ತಮ್ಮನದಾಯಿತು. ಅಲ್ಲಿ ಇಳಿದಾಗ ಅವನಿಗೆ ಸಿಕ್ಕದ್ದು ಮೂವತ್ತು ದಿನ. ಒಮ್ಮೆ ವಿಸ್ತರಿಸಿದರೆ ಇನ್ನು ಮೂವತ್ತು. ಅಷ್ಟರೊಳಗೆ ಹೆರಿಗೆ ಆದೀತು ಎಂದು ನಾವು ಆಸೆಪಟ್ಟಿದ್ದೆವು. ಅವನು ಅತ್ತೆಯ ಮನೆಯ ಮಾಡಿನ ಹೆಂಚು ಸರಿಮಾಡಿದ, ಓಣಿಯವರ ಫ್ಯಾನುಗಳನ್ನೆಲ್ಲ ರಿಪೇರಿ ಮಾಡಿದ, ಗದ್ದೆಯ ಬದುವಿನ ಮೇಲೆ ಹೆಂಡತಿಯನ್ನು ದಿನಾ ಸಂಜೆ ನಡೆಸಿದ. ಐವತ್ತೆಂಟನೆಯ ದಿನ ಬಂದರೂ ಮಗು ಬರಲಿಲ್ಲ. ಅವನು ನನಗೆ ಫೋನ್ ಮಾಡಿದ.

"ನಾಕ್ ದಿನಾ ಹೆಚ್ಚಿಗಿ ಇದ್ರ ದಂಡ ಕಟ್ಟಿದ್ರಾತು ಅಂತಾರ ಇಲ್ಲೆ. ಎಲ್ಲಾರೂ ಇರು ಅಂತಾರ. ಇಕಿ ಒಬ್ಬಾಕಿ ಹೋಗು ಅಂತಾಳ."

"ನೀ ಏನಂತಿ?"

"ನಾನೂ ಹೋಗೂದ ಅಂತೇನಿ ಅಕ್ಕಾ. ಒಂದ್ ಮನ್ಯಾಗ ಒಬ್ರದು ಸಾಕು."

ಅವನು ಅರವತ್ತನೆಯ ದಿನ ವಿಮಾನ ಹತ್ತಿದ. ಮಗು ಹುಟ್ಟಿದ್ದು ಅದರ ನಾಲ್ಕನೆಯ ದಿನ, ಹೆಣ್ಣು. ಸುದ್ದಿ ಬಂದಾಗ ಅವನು ಇಂಡಿಯ ಒಂದು ಅಂಗಡಿಯಲ್ಲಿ ನಿಚ್ಚಣಿಕೆಯ ಮೇಲೆ ನಿಂತು ಎ.ಸಿ. ಬಿಚ್ಚುತ್ತಿದ್ದನಂತೆ. ಫೋನಿನಲ್ಲಿ ಮಗುವಿನ ಮುಖ ನೋಡಿ, ಅಲ್ಲೇ ನಿಚ್ಚಣಿಕೆಯ ಮೇಲೇ ಕುಳಿತುಬಿಟ್ಟ. ಅಂಗಡಿಯವರು ಕೆಳಗಿಳಿಸಿ ನೀರು ಕೊಟ್ಟು, ಪೇಡೆ ತರಿಸಿ ಹಂಚಿದರು.

ಮಗುವಿನ ಕೆಲಸ ಬೇಗ ಆಯಿತು. ತಂದೆ ಭಾರತೀಯನಾದ್ದರಿಂದ ಜಕಾರ್ತದ ನಮ್ಮ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿದರು, ಪಾಸ್‌ಪೋರ್ಟ್ ಬಂತು. ತಾಯಿಯ ಅರ್ಜಿ ಮಾತ್ರ ಕುಳಿತುಕೊಂಡಿತು. ವಕೀಲೆ ಗೆಳತಿ ಒಮ್ಮೆ, "ಕೂಸಿಗಿ ದಾರಿ ಐತಿ, ತಾಯಿಗಿ ಇನ್ನೂ ಇಲ್ಲ ನೋಡು," ಎಂದಳು. ಹಿಂದಿನ ಸಲ ಗಡುವು ಮೀರಿದ್ದು ಯಾಕೆ ಎಂದು ವಿವರಣೆ ಕೇಳಿದ್ದರು. ಆ ಪತ್ರ ನಾನು ಬರೆದೆ. ಮೊದಲ ಕರಡಿನಲ್ಲಿ ಅಜ್ಞಾನ, ಪರಿಸ್ಥಿತಿ, ಅನಾರೋಗ್ಯ ಎಂದೆಲ್ಲ ದೊಡ್ಡ ಶಬ್ದಗಳಿದ್ದವು. ಗೆಳತಿ ಅದನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿದಳು. "ಆದದ್ದ ಬರಿ," ಎಂದಳು. ಆದದ್ದೇ ಬರೆದೆ: ನಾನು ಇಂಗ್ಲಿಷ್ ಶಿಕ್ಷಕಿ, ವೀಸಾ ಓದಿ ಹೇಳು ಎಂದು ನನ್ನನ್ನು ಕೇಳಿದ್ದರು, ನಾನು ಅವಸರದಲ್ಲಿ ತಪ್ಪು ಓದಿ ಹೇಳಿದೆ, ತಪ್ಪು ತಿಳಿದ ಮೇಲೆ ಅವಳೇ ಪೊಲೀಸರ ಬಳಿ ಹೋಗೋಣವೆಂದಳು. ಸಹಿ ಹಾಕಿದೆ. ನೌಕರಿಗೆ ಏನಾದರೂ ಆದೀತೆಂದು ಹೆದರಿಕೆಯೂ ಇತ್ತು. ಏನೂ ಆಗಲಿಲ್ಲ.

ದಸರೆ ಕಳೆದ ಮೇಲೆ ವಿಚಾರಣೆಗೆ ಅದೇ ಹೆಡ್ ಕಾನ್‌ಸ್ಟೇಬಲ್ ಇಂಡಿಯ ಮನೆಗೆ ಬಂದರು. ಮನೆ ನೋಡಿದರು, ಓಣಿಯವರನ್ನು ಕೇಳಿದರು. ಕೊನೆಗೆ ಅವ್ವನ ಮುಂದೆ ಕುಳಿತು, "ಸೊಸಿ ತಿರುಗಿ ಬರೂದಕ್ಕ ನಿಮ್ಮದೇನರ ತಕರಾರು ಐತೇನ್ರಿ, ಅಮ್ಮಾರ?" ಎಂದು ಕೇಳಿದರು. ಫಾರ್ಮಿನಲ್ಲಿದ್ದ ಪ್ರಶ್ನೆ.

"ತಕರಾರ? ಅಕಿನ್ನ ಕಳಿಸಿದವ್ರು ನೀವು, ನನಗ ತಕರಾರು ಕೇಳ್ತೀರಿ? ನನ್ನ ಮೊಮ್ಮಗಳಿಗಿ ಹಲ್ಲ ಬಂದಾವಂತ, ನಾ ಫೋನಿನ್ಯಾಗ ನೋಡ್ಬೇಕೇನು? ಇನ್ನ ಅಕಿ ಬರ್ಲಿಲ್ಲಂದ್ರ ನಾನ ನಿಮ್ಮ ಕಚೇರ್ಯಾಗ ಬಂದ್ ಕೂಡ್ತೇನಿ. ಬರ್ಕೋರಿ."

ಅವರು ನಕ್ಕು, "ತಕರಾರಿಲ್ಲ ಅಂತ ಬರ್ಕೊಂತೇನ್ರಿ," ಎಂದರು. ಚಹಾ ಕುಡಿದು ಹೋದರು. ಅವ್ವ ಹೇಳಿದ ಹಲ್ಲು ಇನ್ನೂ ಬಂದಿರಲಿಲ್ಲ.

ಆ ಮೇಲೂ ಚಳಿಗಾಲ ಪೂರ್ತಿ ಕಾಯಬೇಕಾಯಿತು. ತಮ್ಮ ಆ ದಿನಗಳಲ್ಲಿ ತೆಳ್ಳಗಾದ. ಅಂಗಡಿಯಲ್ಲಿ ಕೆಲಸವಿಲ್ಲದಿದ್ದಾಗ ಅಗರಖೇಡದ ಕಡೆ ಗಾಡಿ ತೆಗೆದುಕೊಂಡು ಹೋಗಿ ಭೀಮಾ ನದಿಯ ದಂಡೆಯಲ್ಲಿ ಕುಳಿತು, ಫೋನಿನಲ್ಲಿ ಮಗಳಿಗೆ ನೀರು ತೋರಿಸುತ್ತಿದ್ದ. ಆಚೆ ಕಡೆಯಿಂದ ಅವಳು ತನ್ನೂರಿನ ಕಾಲುವೆ ತೋರಿಸುತ್ತಿದ್ದಳು. ಮಾತಿಗೆ ಏನೂ ಉಳಿಯದಿದ್ದಾಗ ಹೀಗೆ ನೀರು ನೋಡುತ್ತಿದ್ದೆವು ಎಂದು ಅವನೇ ಒಮ್ಮೆ ನನಗೆ ಹೇಳಿದ.

ವೀಸಾ ಬಂದದ್ದು ಮಾರ್ಚಿನಲ್ಲಿ, ಪರೀಕ್ಷೆಯ ಕೆಲಸದಲ್ಲಿ ನಾನು ಮುಳುಗಿದ್ದಾಗ. ತಮ್ಮ ಫೋಟೋ ಕಳಿಸಲಿಲ್ಲ. ಬೈಕು ಹತ್ತಿ ಸಿಂದಗಿಗೇ ಬಂದ, ಮುದ್ರಿಸಿದ ಕಾಗದ ಮೇಜಿನ ಮೇಲಿಟ್ಟ. ಇಬ್ಬರೂ ಕೂಡಿ ಮೇಲಿನಿಂದ ಕೆಳಗಿನವರೆಗೆ, ಹಿಂದಿನ ಬದಿಯೂ ಸೇರಿ, ಎರಡು ಸಲ ಓದಿದೆವು. ಬಂದ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕು ಎಂದಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು.

ಅವಳು ಬಂದಾಗ ಮಗುವಿಗೆ ಹತ್ತು ತಿಂಗಳು. ಮುಂಬಯಿಯಿಂದ ಬಂದವರು ಮನೆಯ ಹೊಸ್ತಿಲಲ್ಲಿ ನಿಂತಿದ್ದರು, ಅವ್ವ ಮಗುವನ್ನು ಕಸಿದುಕೊಂಡು ಒಳಗೆ ಹೋಗಿದ್ದಳು. ಇವಳು ಚಪ್ಪಲಿ ಬಿಡದೆ ತಮ್ಮನನ್ನು ಕೇಳಿದಳು: "ಸಿ ಫಾರ್ಮ್ ಆತೇನು?" ಅವನು ಫೋನು ತೆಗೆದು ತೋರಿಸಿದ ಮೇಲೇ ಒಳಗೆ ಬಂದಳು. ಮಗು ಅವ್ವನ ತೊಡೆಯ ಮೇಲೆ ಕುಳಿತು ಗಾಬರಿಯಿಂದ ಅಳುತ್ತಿತ್ತು. ಅವ್ವ ಅದಕ್ಕೆ ಮಾಫಿ ಮುಶ್ಕಿಲ್, ಮಾಫಿ ಮುಶ್ಕಿಲ್ ಎನ್ನುತ್ತಿದ್ದಳು.

ಆಮೇಲಿನ ವರ್ಷಗಳಲ್ಲಿ ವೀಸಾ ನವೀಕರಣವೆಂಬುದು ನಮ್ಮ ಮನೆಯಲ್ಲಿ ರಂಜಾನ್, ಬಕ್ರೀದಿನಂತೆ ವರ್ಷಕ್ಕೊಮ್ಮೆ ಬರುವ ದಿನವಾಯಿತು. ಗಡುವಿಗೆ ಎರಡು ತಿಂಗಳಿರುವಾಗಲೇ ತಮ್ಮನ ಹೆಂಡತಿ ಕಾಗದ ಜೋಡಿಸತೊಡಗುತ್ತಿದ್ದಳು. ಓಣಿಯವರಿಗೆ ಕಸೂತಿ ಹಾಕಿಕೊಡಬಹುದೇ ಎಂದು ಅವಳು ಕೇಳಿದಾಗ ವಕೀಲೆ, ಈ ವೀಸಾದಲ್ಲಿ ದುಡಿಯುವಂತಿಲ್ಲ ಎಂದಳು. ಇವಳು ಹೊಲಿಗೆ ಯಂತ್ರವನ್ನು ಬಟ್ಟೆ ಮುಚ್ಚಿ ಮೂಲೆಗಿಟ್ಟಳು, ಮಗಳ ಅಂಗಿ ಬಿಟ್ಟು ಬೇರೇನನ್ನೂ ಹೊಲಿಯಲಿಲ್ಲ. ರೊಟ್ಟಿ ಬಡಿಯುವುದು ಕಲಿತಳು. ಈಗ ಅವಳ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ ಬರುತ್ತದೆ, ಅವ್ವ ಅದನ್ನು ಬಂದವರಿಗೆಲ್ಲ ಹೇಳುತ್ತಾಳೆ, ನಾನು ಎದುರಿಗಿದ್ದಾಗ ಜೋರಾಗಿ ಹೇಳುತ್ತಾಳೆ.

ಭಾರತೀಯರ ಹೆಂಡತಿ ಗಂಡಂದಿರಿಗೆ ಸಿಗುವ, ಜೀವಮಾನವಿಡೀ ಬಂದು ಹೋಗಲು ಬಿಡುವ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡಿಗೆ ಅವಳು ಅರ್ಜಿ ಹಾಕಿದ್ದಳು. ಅದು ಬಂದದ್ದು ಹೋದ ವರ್ಷ. ಆ ದಿನ ನಾನು ಇಂಡಿಯಲ್ಲೇ ಇದ್ದೆ. ಅವಳು ಮಗಳನ್ನು ಶಾಲೆಯಿಂದ ಕರೆತಂದು, ಕೈಕಾಲು ತೊಳೆಸಿ, ಆಮೇಲೆ ಲಕೋಟೆ ಒಡೆದಳು. ಕಾರ್ಡು ಎನ್ನುತ್ತಾರೆ, ಇದ್ದದ್ದು ಬೂದು ನೀಲಿಯ ಸಣ್ಣ ಪುಸ್ತಕ. ತಿರುವಿ ನೋಡಿದಳು.

"ಕಾಕಾ, ಇದಿದ್ರ ನಾ ನಮ್ಮ ತಾಯಿ ಕಡೆ ಹೋಗಬಹುದು?"

"ಹೋಗಬಹುದು."

"ತಿರುಗಿ ಬರಬಹುದು?"

"ಬರಬಹುದು."

"ಯಾರನ್ನೂ ಕೇಳೂದು ಬ್ಯಾಡ?"

"ಅತ್ತಿನ್ನ ಕೇಳಿ ಹೋಗು," ಎಂದಳು ಅಡುಗೆಮನೆಯಿಂದ ಅವ್ವ.

ಈ ಸಲದ ರಂಜಾನ್ ಹಬ್ಬಕ್ಕೆ ಅವಳು ಮಗಳನ್ನು ಕರೆದುಕೊಂಡು ಜಾವಾಕ್ಕೆ ಹೋದಳು. ಐದು ವಾರ ಇದ್ದು ಬಂದಳು. ಮುಂಬಯಿಯಲ್ಲಿ ಇಳಿದವಳು ನನಗೆ ಫೋನ್ ಮಾಡಿದಾಗ ನಾನು ತರಗತಿಗೆ ಹೊರಟಿದ್ದೆ. ಪಾಸ್‌ಪೋರ್ಟ್ ನೋಡುವ ಸಾಹೇಬರು ಏನು ಕೇಳಿದರು ಎಂದೆ. ಮಗಳ ಹೆಸರು ಕೇಳಿದರು, ಅವಳೇ ಹೇಳಿದಳು, ಅಷ್ಟೇ, ಎಂದಳು. ಈಗ ಹಸಿವೆಯಾಗಿದೆಯಂತೆ, ಮೊದಲು ಏನಾದರೂ ತಿನ್ನುತ್ತಾರಂತೆ, ಸೊಲ್ಲಾಪುರದ ರೈಲಿಗೆ ಇನ್ನೂ ಮೂರು ತಾಸು ಇದೆಯಂತೆ.